ಮಸ್ಟರಿಗೆ ನಿಂತ ಹದಿನಾಲ್ಕು ಮಂದಿ

ಹದಿನಾಲ್ಕು ಮಕ್ಕಳು ಒಟ್ಟಿಗೆ ಅತ್ತರೆ ಎಂಥ ಸದ್ದು ಬರುತ್ತದೆ ಎಂಬುದು ಪಾಲಿಬೆಟ್ಟದ ಕಡೆಯ ತೋಟಗಳಲ್ಲಿ ಆ ವರ್ಷ ಎಲ್ಲರಿಗೂ ಗೊತ್ತಾಯಿತು. ಪಕ್ಕದ ತೋಟದ ಲೆಕ್ಕ ಬರೆಯುವ ರೈಟರು, ನಮ್ಮಲ್ಲಿ ಕಾಡುಹಂದಿ ಉರುಳಿಗೆ ಬಿದ್ದಿರಬೇಕು, ಒಂದು ಪಾಲು ತಮಗೂ ಇರಲಿ ಎಂದು ಆಳನ್ನೇ ಕಳಿಸಿದ್ದರು. ಆ ಆಳು ಬಾಗಿಲಲ್ಲಿ ನಿಂತು, ನೆಲದ ಮೇಲೆ ಹೊರಳಾಡುತ್ತಿದ್ದ ಮಕ್ಕಳನ್ನೂ ಅವರ ನಡುವೆ ತಲೆ ಕೆದರಿಕೊಂಡು ನಿಂತಿದ್ದ ನನ್ನನ್ನೂ ನೋಡಿ, ಏನೂ ಕೇಳದೆ ವಾಪಸು ಹೋದ.

ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಇಷ್ಟು ಮಂದಿ ಹೆಣ್ಣಾಳುಗಳಿರುವ ತೋಟದಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳಲು ಒಂದು ಮನೆ ಇರಲೇಬೇಕು ಎಂದು ಹೊಸ ಕಾನೂನು ಬಂದಿತ್ತು. ನಮ್ಮ ತೋಟದವರು ಗೊಬ್ಬರದ ಗೋದಾಮನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಬಾಗಿಲ ಮೇಲೆ 'ಕ್ರೆಶ್' ಎಂದು ಬೋರ್ಡು ಹಾಕಿಸಿದ್ದರು. ಆಳುಗಳ ಬಾಯಲ್ಲಿ ಅದು ಮಕ್ಕಳ ಮನೆ. ಮಳೆ ಹನಿದರೆ ಸಾಕು, ಗೋಡೆಯ ಒಳಗಿಂದ ಹಳೆಯ ಮೀನುಗೊಬ್ಬರದ ವಾಸನೆ ಎದ್ದು ಬರುತ್ತಿತ್ತು.

ಆ ಮನೆಗೆ ನಾನು ಯಜಮಾನಿ. ವಯಸ್ಸು ಹತ್ತೊಂಬತ್ತು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದವರು. ನಾನು ಮೈಸೂರಿನಲ್ಲಿ ಮೂರು ತಿಂಗಳು ಶಿಶುಪಾಲನೆ ಕಲಿತು ಬಂದು, ಹಟ ಹಿಡಿದು, ಎರಡು ಹೊತ್ತು ಊಟ ಬಿಟ್ಟು ಈ ಕೆಲಸಕ್ಕೆ ಒಪ್ಪಿಗೆ ಪಡೆದಿದ್ದೆ. "ಕಂಡೋರ ಮಕ್ಕಳ ಮೂಗು ಒರ್ಸಕ್ಕೆ ನಿನ್ನ ಓದಿಸಿದ್ನೇನೇ?" ಎಂದು ಅಪ್ಪ ಕೇಳಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಹಿಟ್ಟಿನ ಗಿರಣಿಯ ಒಬ್ಬ ಗಂಡು. ನಾನು ಅವನನ್ನು ಒಮ್ಮೆ ಕಂಡಿದ್ದೆ. ತಲೆಯಿಂದ ಕಾಲಿನವರೆಗೂ ಬೆಳ್ಳಗೆ ಹಿಟ್ಟು, ಕಣ್ಣೆರಡು ಮಾತ್ರ ಕರ್ರಗೆ. ಒಳ್ಳೆಯವನೇ ಇದ್ದಿರಬಹುದು. ನಾನು ಪರೀಕ್ಷೆ ಮಾಡಲು ಹೋಗಲಿಲ್ಲ.

ಕೆಲಸವೇನೋ ಸಿಕ್ಕಿತ್ತು, ಆದರೆ ಗಟ್ಟಿಯಾಗಿರಲಿಲ್ಲ. ತೋಟದಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ಹೇಳುವುದು ಚೆಕ್‌ರೋಲು, ಅಂದರೆ ರೈಟರು ಬಗಲಲ್ಲಿಟ್ಟುಕೊಂಡು ಓಡಾಡುವ ಉದ್ದನೆಯ ಹಾಜರಿ ಪುಸ್ತಕ. ಅದರಲ್ಲಿ ಹೆಸರಿದ್ದವರು ತೋಟದವರು. ನನ್ನ ಹೆಸರು ಅದಕ್ಕೆ ಇನ್ನೂ ಏರಿರಲಿಲ್ಲ. "ನೋಡುವ, ಆಳುಗಳು ರಜೆ ಕಳೆದು ಬರಲಿ" ಎಂದಿದ್ದರು ಮ್ಯಾನೇಜರು. ಅವರನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಮಿಲಿಟರಿಯಿಂದ ನಿವೃತ್ತಿಯಾಗಿ ಬಂದ ಕೊಡವರು, ಮೀಸೆಯ ತುದಿಗಳನ್ನು ದಿನಾ ಒಂದೇ ಎತ್ತರಕ್ಕೆ ಇಟ್ಟುಕೊಳ್ಳುವಷ್ಟು ಶಿಸ್ತಿನ ಮನುಷ್ಯ.

ಕಾಫಿ ಕುಯ್ಯುವ ಕಾಲದಲ್ಲಿ ನಾನು ಸೇರಿದ್ದೆ. ನಾಲ್ಕು ತಿಂಗಳು ಹಾಡಿ, ಕುಣಿದು, ಗದರಿ, ಮುದ್ದು ಮಾಡಿ ಮಕ್ಕಳನ್ನು ಒಂದು ಹದಕ್ಕೆ ತಂದಿದ್ದೆ. ಕುಯ್ಲು ಮುಗಿಯಿತು, ಯುಗಾದಿ ಬಂತು, ಆಳುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಹೋದರು. ಆರು ವಾರ. ಅಲ್ಲಿ ಅಜ್ಜಿಯರ ಸೊಂಟ, ಆಡಿನ ಮರಿ, ಮಣ್ಣಿನ ದಿಬ್ಬ, ಬೈಯುವವರಿಲ್ಲದ ಮಧ್ಯಾಹ್ನಗಳು. ಕಾಫಿ ಹೂ ಬಿಟ್ಟು ಉದುರಿದ ಮೇಲೆ ಮೇಸ್ತ್ರಿಗಳ ಜೊತೆ ವಾಪಸು ಬಂದ ಮಕ್ಕಳಿಗೆ ನನ್ನ ಮುಖದ ಗುರುತೇ ಇರಲಿಲ್ಲ. ನಾಲ್ಕು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಮೊದಲ ದಿನ ಬರೀ ಅಳು. ಒಂದು ಶುರು ಮಾಡಿದರೆ ಎರಡನೆಯದು ಅದರ ಮುಖ ನೋಡಿ ಅಳುತ್ತಿತ್ತು, ಮೂರನೆಯದು ತಾನು ಹಿಂದೆ ಬೀಳಬಾರದೆಂದು ಅಳುತ್ತಿತ್ತು. ಮೈಸೂರಿನಲ್ಲಿ ಕಲಿತ ಚಿಟ್ಟೆಯ ಹಾಡನ್ನು ಕೈ ಬೀಸಿಕೊಂಡು ಹಾಡಿದೆ. ಮಕ್ಕಳು ಅರೆಗಳಿಗೆ ಅಳು ನಿಲ್ಲಿಸಿ, ಇವಳಿಗೆ ಏನೋ ಆಗಿದೆ ಎಂದು ಕನಿಕರದಿಂದ ನೋಡಿ, ಮತ್ತೆ ಶುರು ಮಾಡಿದವು.

ಹಾಲು ಕಾಯಿಸಲು ಒಬ್ಬ ತಮಿಳು ಅಜ್ಜಿ ಇದ್ದಳು. ಎಂಟು ಹೆತ್ತು, ಇಪ್ಪತ್ತು ಮೊಮ್ಮಕ್ಕಳನ್ನು ಸಾಕಿದವಳು. ತೊಟ್ಟಿಲ ಕೂಸುಗಳೆಲ್ಲ ಅವಳ ಪಾಲು, ನಡೆದಾಡುವ ಹದಿನಾಲ್ಕು ನನ್ನ ಪಾಲು. ಅವಳಿಗೆ ಗೊತ್ತಿದ್ದ ಔಷಧಿ ಒಂದೇ, ಬಜೆ ತೇದು ನಾಲಿಗೆಗೆ ಹಚ್ಚುವುದು. ನಾನು ಗೋಡೆಗೊರಗಿ ಕೂತದ್ದನ್ನು ನೋಡಿ, "ಅಳ್ಲಿ ಬಿಡು ತಾಯಿ. ಅತ್ರೆ ಎದೆ ಗಟ್ಟಿ ಆಗ್ತದೆ. ನೀನೂ ಸ್ವಲ್ಪ ಅಳು" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಎರಡನೆಯ ದಿನ ನನ್ನ ಬುದ್ಧಿ ಓಡಿತು. ತಾಯಂದಿರಿಗೆ ಹೇಳಿದೆ, ಮಕ್ಕಳನ್ನು ಮುಂಬಾಗಿಲಿಂದ ತನ್ನಿ, ನಾನು ಬೆಲ್ಲ ತೋರಿಸುತ್ತೇನೆ, ನೀವು ಸೌದೆ ಒಟ್ಟಿದ ಹಿಂಬಾಗಿಲಿಂದ ಮೆಲ್ಲಗೆ ಜಾರಿಕೊಳ್ಳಿ. ಹದಿನಾಲ್ಕು ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು ತುದಿಗಾಲಲ್ಲಿ ಹೊರಟದ್ದನ್ನು ನಾನು ಈಗಲೂ ನೆನೆಸಿಕೊಂಡು ನಗುತ್ತೇನೆ. ಕೊನೆಯವಳು ಸೌದೆಯ ಒಟ್ಟಿಗೆ ಎಡವಿ, ಅರ್ಧ ಗಾಡಿ ಸೌದೆ ದಬದಬನೆ ಉರುಳಿತು. ಮಕ್ಕಳು ತಿರುಗಿ ನೋಡಿದರು. ಆ ಅಳುವಿನ ಮುಂದೆ ಮೊದಲ ದಿನದ್ದು ಏನೂ ಅಲ್ಲ.

ದೊರೆ ಆಫೀಸಿನಿಂದ ನೇರ ನಡೆದು ಬಂದರು. ಒಳಗೆ ಕಾಲಿಡಲಿಲ್ಲ.

"ನೋಡಮ್ಮ," ಎಂದರು, "ಇಷ್ಟು ವರ್ಷ ಈ ತೋಟದಲ್ಲಿ ಮಕ್ಕಳು ಮರಕ್ಕೆ ಕಟ್ಟಿದ ತೊಟ್ಟಿಲಲ್ಲೇ ಬೆಳೆದಿದ್ದಾವೆ. ಹೀಗೆ ಅತ್ತದ್ದು ನಾನು ಕೇಳಿಲ್ಲ. ಬರುವ ವಾರದ ಶನಿವಾರದ ತನಕ ನೋಡ್ತೇನೆ. ಆಮೇಲೆ ಒಂದೇ ಒಂದು ಮಗುವಿನ ಅಳು ನನ್ನ ಆಫೀಸಿಗೆ ಕೇಳಿಸಿದ್ರೂ ಗೊಬ್ಬರ ವಾಪಸ್ ಒಳಗೆ, ನೀನು ವಾಪಸ್ ಊರಿಗೆ."

"ಕಾನೂನು, ಸಾರ್..." ಎಂದೆ.

"ಬೋರ್ಡು ಇರ್ತದೆ" ಎಂದು ಹೇಳಿ ಹೋದರು.

ಮರಕ್ಕೆ ಕಟ್ಟಿದ ತೊಟ್ಟಿಲು ಎಂದರೆ ಹೇಳಲು ಚೆನ್ನ. ಹಿಂದಿನ ವರ್ಷ ಅದೇ ತೊಟ್ಟಿಲಿಗೆ ಕೆಂಜಿಗ ಇರುವೆ ಇಳಿದು ಒಂದು ಕೂಸಿನ ಕಣ್ಣು ಮೂರು ದಿನ ತೆರೆದಿರಲಿಲ್ಲ. ಆ ತಾಯಿ ಬಂದು ನನ್ನ ಕೈ ಹಿಡಿದುಕೊಂಡು, "ಈ ಮನೆ ಮುಚ್ಚುಸ್ಬ್ಯಾಡ ಕಣವ್ವ" ಎಂದಳು. ನಾನೇನೋ ಮುಚ್ಚಿಸುವವಳಂತೆ! ಕೋಪವೂ ಬಂತು, ಹೆದರಿಕೆಯೂ ಆಯಿತು. ಕಣ್ಣು ಮುಚ್ಚಿದರೆ ಬೆಳ್ಳನೆಯ ಗಿರಣಿಯ ಗಂಡು ಕಾಣುತ್ತಿದ್ದ.

ಮೂರನೆಯ ದಿನ ಹಿಂಬಾಗಿಲಿನ ದಾರಿಯೇ ಮುಚ್ಚಿತು. ನಾಲ್ಕೂವರೆ ವರ್ಷದ ಒಬ್ಬ ಗುಂಡನೆಯ ಹುಡುಗ, ಹುಣಸೂರಿನ ಕಡೆಯವನು, ಬೆಳಗ್ಗೆಯೇ ಬಂದು ಹಿಂಬಾಗಿಲಿನ ಹೊಸ್ತಿಲ ಮೇಲೆ ಕಾಲು ಚಾಚಿ ಕೂತುಬಿಟ್ಟ. ಯಾರ ತಾಯಿಯೂ ಅವನನ್ನು ದಾಟಿ ಹೋಗುವಂತಿರಲಿಲ್ಲ. ಸರಿ, ಕೂತಿರಿ ಎಂದು ತಾಯಂದಿರನ್ನು ಒಳಗೇ ಕೂರಿಸಿಕೊಂಡೆ. ಮಕ್ಕಳು ನಕ್ಕರು, ಆಡಿದರು, ಹಾಲು ಕುಡಿದರು. ಆಹಾ ಎಂದುಕೊಳ್ಳುವಷ್ಟರಲ್ಲಿ ನಮ್ಮ ತೋಟದ ರೈಟರು ಬಂದರು.

ಭಾಗಮಂಡಲದ ಕಡೆಯವರು, ಮನೆಯಲ್ಲಿ ಗೌಡರ ಅರೆಭಾಷೆ, ತೋಟದಲ್ಲಿ ಎಲ್ಲ ಭಾಷೆ, ಕೋಪ ಬಂದರೆ ಯಾವುದೂ ಅಲ್ಲ. "ಎಂಥ ಮಾರಾಯ್ತಿ ಇದು? ಅಲ್ಲಿ ಗುಂಡಿ ತೆಗೆಯಲಿಕ್ಕೆ ಜನ ಇಲ್ಲ, ಇಲ್ಲಿ ಹದಿನಾಲ್ಕು ಮಂದಿ ಹೆಂಗಸರು ಚಿಟ್ಟೆ ಹಾಡು ಕೇಳಿಕೊಂಡು ಕೂತಿದ್ದಾರೆ! ನಿಂಗೆ ತಲೆ ಸಮ ಉಂಟಾ?"

ಇರಲಿಲ್ಲ. ನಾನು ಒಪ್ಪಿಕೊಂಡೆ.

ನಾಲ್ಕನೆಯ ದಿನ ನಡೆದದ್ದು ನನ್ನ ಬುದ್ಧಿವಂತಿಕೆಯಿಂದಲ್ಲ. ತೋಟದಲ್ಲಿ ಬೆಳಗ್ಗೆ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಬಡಿಯುತ್ತಾರೆ. ಆ ಗಂಟೆಗೆ ಆಳುಗಳೆಲ್ಲ ಕಾಫಿ ಒಣಗಿಸುವ ಕಣದಲ್ಲಿ ಸಾಲಾಗಿ ನಿಲ್ಲಬೇಕು. ಅದೇ ಮಸ್ಟರು. ರೈಟರು ಚೆಕ್‌ರೋಲು ಬಿಚ್ಚಿ ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಅವರು "ಬಂದೆ ಸಾರ್" ಎನ್ನುತ್ತಾರೆ, ಯಾರಿಗೆ ಯಾವ ಕೆಲಸ ಎಂದು ಹೇಳಿ ಕಳಿಸುತ್ತಾರೆ. ತಾಯಂದಿರು ಮಕ್ಕಳನ್ನು ನನ್ನಲ್ಲಿ ಬಿಟ್ಟು ಮಸ್ಟರಿಗೆ ಹೋಗುವುದು ಪದ್ಧತಿ. ಆ ದಿನ ನಮ್ಮ ಹೊಸ್ತಿಲ ಕಾವಲುಗಾರ, ಆ ಗುಂಡ ಹುಡುಗ, ನನ್ನ ಕೈ ಕಚ್ಚಿ ಓಡಿದ. ಬೆನ್ನಟ್ಟಿ ಹೋದೆ. ನಾನು ಕಣ ಮುಟ್ಟುವಷ್ಟರಲ್ಲಿ ಅವನು ತಾಯಿಯ ಹಿಂದೆ, ಎರಡೂ ಕೈ ಬದಿಗಿಟ್ಟು, ಹೊಟ್ಟೆ ಮುಂದೆ ಮಾಡಿ ನಿಂತಿದ್ದ. ರೈಟರು ತಾಯಿಯ ಹೆಸರು ಕೂಗಿದರು. ಅವಳು "ಬಂದೆ ಸಾರ್" ಎಂದಳು. ಹಿಂದಿನಿಂದ ಇನ್ನೊಂದು ದನಿ, ಅವಳಿಗಿಂತ ಜೋರಾಗಿ, "ಬಂದೆ ಸಾರ್!"

ಕಣವೆಲ್ಲ ನಕ್ಕಿತು. ರೈಟರು ಮಾತ್ರ ನಗಲಿಲ್ಲ. ಪುಸ್ತಕದಿಂದ ತಲೆಯನ್ನೂ ಎತ್ತದೆ, ತೊಲಗಿದರೆ ಸಾಕು ಎಂಬ ದನಿಯಲ್ಲಿ, "ನಿಂಗೆ ಮಕ್ಕಳ ಮನೆ ಕೆಲಸ. ಹೋಗು" ಎಂದರು.

ಹುಡುಗ ತಿರುಗಿದ. ಅಳಲಿಲ್ಲ. ತಾಯಿಯ ಕಡೆ ನೋಡಲೂ ಇಲ್ಲ. ನನ್ನನ್ನು ದಾಟಿ, ಗತ್ತಿನಿಂದ ಹೆಜ್ಜೆ ಹಾಕುತ್ತ ಮಕ್ಕಳ ಮನೆಗೆ ಹೋಗಿ ಕೂತ. ಇಡೀ ದಿನ ಅವನ ಬಾಯಿಂದ ಕುಂಯ್ ಎಂಬ ಸದ್ದೂ ಇಲ್ಲ. ಸಂಜೆ ತಾಯಿ ಬಂದಾಗ, "ಅವ್ವ, ನಂಗೂ ಕೆಲ್ಸ ಸಿಕ್ತು" ಎಂದ.

ನನಗೆ ಆಗ ಹೊಳೆಯಿತು. ಇಷ್ಟು ದಿನ ಈ ಮಕ್ಕಳಿಗೆ ಕಾಣುತ್ತಿದ್ದದ್ದು ಒಂದೇ: ಅವ್ವನಿಗೆ ಹೆಸರಿದೆ, ಗಂಟೆ ಇದೆ, ಹೋಗುವ ಜಾಗವಿದೆ. ತಮ್ಮನ್ನು ಮಾತ್ರ ಬಿಟ್ಟು ಹೋಗುತ್ತಾಳೆ. ಇಬ್ಬರೂ ಕೆಲಸಕ್ಕೆ ಹೋಗುವುದಾದರೆ ಬಿಟ್ಟು ಹೋಗುವವರು ಯಾರು? ಮೈಸೂರಿನ ಮೂರು ತಿಂಗಳಲ್ಲಿ ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂದು ಸಂಜೆಯೇ ರೈಟರ ಮುಂದೆ ಹೋಗಿ ನಿಂತೆ. ಹದಿನಾಲ್ಕು ಹೆಸರನ್ನೂ ಕೂಗಿ ಎಂದೆ.

"ಚೆಕ್‌ರೋಲಲ್ಲಿ ಹಾಲು ಕುಡಿಯುವ ಮಕ್ಕಳ ಹೆಸರಾ? ದೊರೆ ನನ್ನ ಚರ್ಮ ಸುಲಿತಾರೆ."

"ಚೆಕ್‌ರೋಲ್ ಬ್ಯಾಡ ಸಾರ್. ಯಾವ್ದಾರ ಹಳೇ ಪುಸ್ತಕ. ನಿಮ್ ದಮ್ಮಯ್ಯ. ನನ್ ಮಾತು ಬಿಡಿ, ಆ ಹೆಂಗಸ್ರ ಮುಖ ನೋಡಿ."

ಅವರು ಗೊಣಗುತ್ತ ಕಪಾಟಿನಿಂದ ಗೆದ್ದಲು ಅಂಚು ತಿಂದಿದ್ದ ಒಂದು ನೋಟುಬುಕ್ಕು ತೆಗೆದರು. ಬರೆಯಲು ಶುರು ಮಾಡಿದ ಮೇಲೆ ಗೊಣಗಾಟ ನಿಂತಿತು. ಪ್ರತಿ ಹೆಸರಿನ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದರು. ಮಾಡುವುದಾದರೆ ಸರಿಯಾಗಿ ಮಾಡಬೇಕಲ್ಲ ಎಂದರು.

ಸೋಮವಾರದಿಂದ ನಮ್ಮ ಮಸ್ಟರು ಶುರುವಾಯಿತು. ದೊಡ್ಡವರ ಹೆಸರಾದ ಮೇಲೆ ಹದಿನಾಲ್ಕು ಪುಟ್ಟ ಹೆಸರುಗಳು. ಎರಡು ವರ್ಷದವು "ಬಂದೆ" ಎನ್ನಲು ಬಾರದೆ ಕೈ ಎತ್ತುತ್ತಿದ್ದವು. "ಮಕ್ಕಳ ಮನೆ!" ಎಂದು ರೈಟರು ಕೂಗಿದ್ದೇ ತಡ, ತಾಯಂದಿರು ಆ ಕಡೆ, ಇವರು ಈ ಕಡೆ. ತಿರುಗಿ ನೋಡುತ್ತ ಕಣ್ಣು ಒರೆಸಿಕೊಂಡವರು ತಾಯಂದಿರೇ.

ಆದರೆ ಕೆಲಸಕ್ಕೆಂದು ಬಂದವರಿಗೆ ಕೆಲಸ ಕೊಡಬೇಕಾಯಿತು. ನಾನು ಚಿಟ್ಟೆಯ ಹಾಡು ಎತ್ತಿದರೆ ಗುಂಡ ಹುಡುಗ, "ಹಾಡ್ ಸಾಕು ಕಣಕ್ಕ, ಕೆಲ್ಸ ಕೊಡು" ಎನ್ನುತ್ತಿದ್ದ. ಅಂಗಳದ ಒಣಗಿದ ಎಲೆ ಹೆಕ್ಕಿ ಬುಟ್ಟಿಗೆ ತುಂಬುವುದು, ತೆಂಗಿನ ಚಿಪ್ಪಿಗೆ ಮಣ್ಣು ತುಂಬುವುದು, ತುಂಬಿದ್ದನ್ನು ಸುರಿಯುವುದು. ಎಲೆ ಖಾಲಿಯಾದರೆ ಅಜ್ಜಿ ರಾತ್ರಿ ಒಂದು ಬುಟ್ಟಿ ಎಲೆ ತಂದು ಅಂಗಳದಲ್ಲಿ ಹರಡಿ ಹೋಗುತ್ತಿದ್ದಳು. ಹತ್ತು ಗಂಟೆಗೆ ಹಾಲು ಕೊಟ್ಟರೆ ಚಾ ಬಿಡುವು ಎಂದು ಕುಕ್ಕರುಗಾಲಲ್ಲಿ ಸಾಲಾಗಿ ಕೂತು, ಊರಿನ ಸುದ್ದಿ ಮಾತಾಡುತ್ತಿದ್ದರು. ತಮಿಳು, ಮಲಯಾಳ, ಕನ್ನಡ ಮೂರೂ ಒಂದೇ ಮಾತಿನಲ್ಲಿ. ನನಗೆ ಮೇಸ್ತ್ರಿಯ ಪಟ್ಟ ಕಟ್ಟಿ ಒಂದು ಕೋಲು ತಂದುಕೊಟ್ಟರು. ಬುಧವಾರ ಮೂರು ವರ್ಷದ ಒಬ್ಬಳು ಹಣೆಯ ಮೇಲೆ ಕೈಯಿಟ್ಟುಕೊಂಡು ಬಂದು, "ಅಕ್ಕಾ, ಮೈಗೆ ಸರಿಯಿಲ್ಲ, ಅರ್ಧ ದಿನ ಹಾಕು" ಎಂದಳು. ಹಾಕಿದೆ. ಗೋಡೆ ಪಕ್ಕ ಮಲಗಿಕೊಂಡು ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದಳು.

ಹದಿಮೂರು ಮಂದಿ ಹೀಗೆ ಹದಕ್ಕೆ ಬಂದರು. ಹದಿನಾಲ್ಕನೆಯವಳು ಬರಲಿಲ್ಲ. ಅವಳಿಗೂ ಮೂರು ತುಂಬಿತ್ತು. ತೆಳ್ಳಗೆ, ಕಡ್ಡಿಯಂಥ ಹುಡುಗಿ. ಮಸ್ಟರಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಹೆಸರು ಕೂಗಿದರೆ ತುಟಿ ಬಿಚ್ಚುತ್ತಿರಲಿಲ್ಲ. ಕೈ ಹಿಡಿದು ಕರೆತಂದರೆ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತ ಶುರು ಮಾಡುತ್ತಿದ್ದಳು. ಸಣ್ಣ ದನಿ, ಉದ್ದನೆಯ ಅಳು, ಮಧ್ಯಾಹ್ನದ ಗಂಟೆಯವರೆಗೆ. ನಾನು ನೀರಿಗೆಂದು ಹಿತ್ತಲಿಗೆ ಹೋದರೆ ಇನ್ನೂ ಜೋರು. ಬೆಲ್ಲ ಕೊಟ್ಟೆ, ಎತ್ತಿಕೊಂಡೆ, ಒಮ್ಮೆ ಗದರಿಯೂ ಬಿಟ್ಟೆ. ಗದರಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ. ಆ ಸಣ್ಣ ದನಿ ಆಫೀಸಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಶುಕ್ರವಾರ ಸಂಜೆ ನನ್ನ ಎರಡು ಸೀರೆ, ಒಂದು ಕನ್ನಡಿ, ಶಿಶುಪಾಲನೆಯ ಪುಸ್ತಕ ಎಲ್ಲವನ್ನೂ ಟ್ರಂಕಿಗೆ ತುಂಬಿಟ್ಟೆ.

ಶನಿವಾರ ದೊರೆ ಮಕ್ಕಳ ಮನೆಗೆ ಬರುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಬಂದದ್ದು ಕಣಕ್ಕೆ, ಅದೂ ಮಸ್ಟರಿನ ಹೊತ್ತಿಗೆ. ರೈಟರು ನೋಟುಬುಕ್ಕು ಬಿಚ್ಚಿದ್ದರು. ಸಾಲಿನಲ್ಲಿ ಹದಿನಾಲ್ಕು ಮಂದಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸಣ್ಣ ಬುಟ್ಟಿ. ದೊರೆಯ ಮೀಸೆಯ ಒಂದು ತುದಿ ಮೇಲೆ ಹೋಯಿತು.

"ಇದು ಎಂತ?"

ರೈಟರು ಪುಸ್ತಕದಲ್ಲಿ ಮುಖ ಹುದುಗಿಸಿದರು. ದೊರೆ ಗುಂಡ ಹುಡುಗನ ಮುಂದೆ ನಿಂತು, "ನೀನು ಇಲ್ಲಿ ಎಂತ ಮಾಡ್ತೀಯ?" ಎಂದು ಕೇಳಿದರು.

"ಕೆಲ್ಸ, ದೊರೆ" ಎಂದ ಅವನು ಹೆಮ್ಮೆಯಿಂದ. "ಎಲೆ ಹೆಕ್ತೀನಿ. ಮಣ್ಣು ತುಂಬ್ತೀನಿ. ಪೂರಾ ದಿನ."

"ಯಾರು ಮಾಡಿಸೋದು?"

ಹದಿಮೂರು ಕೈಗಳು ನನ್ನ ಕಡೆ ಚಾಚಿದವು. ನನ್ನ ಕೈಯಲ್ಲಿ ಕೋಲಿತ್ತು.

ಆಮೇಲೆ ದೊರೆ ಕೂಗಾಡಿದ್ದನ್ನೆಲ್ಲ ಬರೆಯಲು ಆಗುವುದಿಲ್ಲ. ಮಕ್ಕಳನ್ನು ದುಡಿಮೆಗೆ ಹಚ್ಚಿದರೆ ಏನಾಗುತ್ತದೆ ಗೊತ್ತೇ, ಮಡಿಕೇರಿಗೆ ಸುದ್ದಿ ಹೋದರೆ ತೋಟದ ಗತಿಯೇನು, ಅದೂ ಬುಟ್ಟಿ ಸಮೇತ, ಅದೂ ಹಾಜರಿ ಪುಸ್ತಕ ಸಮೇತ! ನಾನು ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಇದು ಆಟ ಸಾರ್, ಹೆಸರು ಕೂಗಿದರೆ ಅಳುವುದಿಲ್ಲ ಸಾರ್ ಎಂದು ತೊದಲಿದೆ. ತಾಯಂದಿರೂ ಒಟ್ಟಿಗೆ ಬಾಯಿ ಹಾಕಿದರು. ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

"ಸಾಕು! ಪುಸ್ತಕ ಮುಚ್ಚಿ. ಹೆಸರು ಗಿಸರು ಎಂತದೂ ಇಲ್ಲ. ಮಕ್ಕಳೇ, ಹೋಗಿ ಒಳಗೆ" ಎಂದರು ದೊರೆ.

ಮಕ್ಕಳು ಕದಲಲಿಲ್ಲ. ದೊರೆ ಇನ್ನೊಮ್ಮೆ ಹೇಳಿದರು. ಇಲ್ಲ. ಗುಂಡ ಹುಡುಗ ಮುಖ ಊದಿಸಿಕೊಂಡು, "ಹೆಸ್ರೇ ಕೂಗ್ನಿಲ್ವಲ್ಲ" ಎಂದ.

ದೊರೆ ಮಿಲಿಟರಿಯಲ್ಲಿದ್ದವರು. ಹೆಸರು ಕೂಗದೆ ಯಾವ ಸಿಪಾಯಿಯೂ ಸಾಲು ಬಿಡುವುದಿಲ್ಲ ಎಂಬುದು ಅವರಿಗೂ ಗೊತ್ತು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದರು. ಒಬ್ಬರೂ ಅಳುತ್ತಿಲ್ಲ, ಒಬ್ಬರೂ ತಾಯಿಯ ಸೆರಗು ಹಿಡಿದಿಲ್ಲ. ರೈಟರ ಕೈಯಿಂದ ನೋಟುಬುಕ್ಕನ್ನು ತಾವೇ ತೆಗೆದುಕೊಂಡು, ನೆಟ್ಟಗೆ ನಿಂತು, ಪೆರೇಡಿನ ದನಿಯಲ್ಲಿ ಕೂಗಲು ಶುರು ಮಾಡಿದರು. ಆ ಗಂಟಲಿಗೆ ಮರದ ಮೇಲಿನ ಕಾಗೆಗಳು ಎದ್ದುಹೋದವು. ಮಕ್ಕಳಿಗೆ ಖುಷಿಯೋ ಖುಷಿ. ರೈಟರು ಯಾವತ್ತೂ ಇಷ್ಟು ಚೆನ್ನಾಗಿ ಕೂಗಿರಲಿಲ್ಲ. ಒಬ್ಬೊಬ್ಬರೂ ನರ ಉಬ್ಬಿಸಿ "ಬಂದೆ ಸಾರ್" ಎಂದರು.

ಹದಿಮೂರಾಯಿತು. ಕೊನೆಗೆ ಕಡ್ಡಿ ಹುಡುಗಿಯ ಹೆಸರು. ಉತ್ತರವಿಲ್ಲ. ದೊರೆ ಮತ್ತೊಮ್ಮೆ ಕೂಗಿದರು. ಅವಳ ತುಟಿ ನಡುಗಲು ಶುರುವಾಯಿತು. ಮುಗಿಯಿತು, ಟ್ರಂಕು ಎತ್ತುವುದೊಂದೇ ಬಾಕಿ ಎಂದುಕೊಂಡೆ.

ಅವಳು ಅಳಲಿಲ್ಲ. ಬೆರಳು ಎತ್ತಿ ನನ್ನನ್ನು ತೋರಿಸಿ, "ಅಕ್ಕನ್ ಹೆಸ್ರು?" ಎಂದಳು.

ರಜೆಯಿಂದ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. ರೈಟರು ಬಗ್ಗಿ, "ಅವಳ ಹೆಸರು ಪುಸ್ತಕದಲ್ಲಿ ಇಲ್ಲ ಮಗು" ಎಂದರು.

"ಹಂಗಾರೆ ಅಕ್ಕ ಹೊಂಟೋಯ್ತಾಳೆ."

ಅವಳ ತಾಯಿ ಸಾಲಿನಿಂದ ಮುಂದೆ ಬಂದು, "ಅವ್ಳಜ್ಜಿ ಈ ಸಲ ಕೈಲಾಗ್ದೆ ಊರಲ್ಲೇ ಉಳ್ಕಂಡ್ಳು ಸ್ವಾಮಿ" ಎಂದಳು. "ಹೋದ್ ಸಲ ದಿನಾ ಅಜ್ಜಿ ಹೆಸ್ರು ಕೂಗೋದು ಮಕ್ಕಳ ಮನೆಗಂಟ ಕೇಳ್ಸೋದು. ಈಗ ಕೂಗಲ್ಲ. ಯಾರ್ ಹೆಸ್ರು ಕೂಗಲ್ವೋ ಅವ್ರು ಬರಾಕಿಲ್ಲ ಅಂತ ಅವ್ಳ ತಲೇಲಿ ಕೂತ್ಬುಟ್ಟದೆ."

ಹತ್ತು ದಿನ ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದದ್ದು ಅದಕ್ಕೆ. ನಾನು ಅವಳನ್ನು ಇರಿಸಿಕೊಳ್ಳಲು ಒದ್ದಾಡುತ್ತಿದ್ದೆ, ಅವಳು ನಾನು ಇರುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಟ್ರಂಕು ತುಂಬಿ ಇಟ್ಟವಳು ನಾನು.

ದೊರೆ ಕೆಮ್ಮಿದರು. ರೈಟರ ಕಡೆ ವಾಲಿ, "ಈ ಹುಡುಗಿ ಹೆಸರು ಎಂತ?" ಎಂದು ಮೆಲ್ಲಗೆ ಕೇಳಿದರು. ಆರು ತಿಂಗಳಿಂದ ಅವರಿಗೆ ನಾನು ಕ್ರೆಶ್ಶಿನ ಹುಡುಗಿ, ಅಷ್ಟೇ. ರೈಟರು ಹೇಳಿದರು. ದೊರೆ ಮತ್ತೆ ನೆಟ್ಟಗೆ ನಿಂತು, ನನ್ನ ಹೆಸರನ್ನು ಇಡೀ ತೋಟಕ್ಕೆ ಕೇಳಿಸುವಂತೆ ಕೂಗಿದರು.

ಜೋರಾಗಿ ಉತ್ತರ ಕೊಡಬೇಕು ಎಂದು ಒಂದು ವಾರದಿಂದ ಮಕ್ಕಳಿಗೆ ಹೇಳಿಕೊಟ್ಟ ನಾನು, ಬೆನ್ನ ಹಿಂದಿನಿಂದ ಜಾರಿ ಬಿದ್ದ ಕೋಲನ್ನು ಹೆಕ್ಕಲು ಬಗ್ಗಿದೆ. ಗುಂಡ ಹುಡುಗ ನನ್ನ ಸೀರೆ ಜಗ್ಗಿ, "ಬಿರ್‍ರನೆ ಹೇಳಕ್ಕ, ಇಲ್ದಿದ್ರೆ ಗೈರು ಹಾಕ್ತಾರೆ" ಎಂದು ಪಿಸುಗುಟ್ಟಿದ.

"ಬಂದೆ ಸಾರ್" ಎಂದೆ.

"ಬಂದೆ" ಎಂದಳು ಹಿಂದೆಯೇ ಆ ಹುಡುಗಿ, ಯಾರೂ ಕೇಳದಿದ್ದರೂ.

ದೊರೆ ನೋಟುಬುಕ್ಕು ಮುಚ್ಚಿ ರೈಟರ ಕೈಗಿಟ್ಟರು. "ಬರ್ಕೊಳ್ಳಿ. ಇದರಲ್ಲಿ ಅಲ್ಲ, ದೊಡ್ಡದರಲ್ಲಿ. ಮತ್ತೆ ಆ ಬುಟ್ಟಿ ಕೋಲು ಎಲ್ಲ ತೆಗೆದಿಡಿ, ನೋಡಿದವರು ಏನಂದಾರು?" ಎಂದು ಹೇಳಿ, ಹಿಂದೆ ನೋಡದೆ ಆಫೀಸಿಗೆ ನಡೆದರು. ರೈಟರು ಚೆಕ್‌ರೋಲು ಬಿಚ್ಚಿ, ಸ್ಕೇಲು ಹುಡುಕಿ, ನನ್ನ ಹೆಸರಿನ ಕೆಳಗೂ ಗೆರೆ ಎಳೆದರು.

ಹುಡುಗಿ ಬಂದು ನನ್ನ ಬೆರಳು ಹಿಡಿದಳು. "ನಡಿಯಕ್ಕ, ಹೊತ್ತಾಯ್ತು" ಎಂದು ಎಳೆದುಕೊಂಡು ಹೊರಟಳು. ಆ ದಿನ ಮಕ್ಕಳ ಮನೆಯಲ್ಲಿ ಹದಿನಾಲ್ಕು ಮಂದಿಯೂ ತಮ್ಮ ಪಾಡಿಗೆ ಎಲೆ ಹೆಕ್ಕಿದರು, ಹಾಲು ಕುಡಿದರು, ಊರಿನ ಸುದ್ದಿ ಮಾತಾಡಿದರು. ಮಧ್ಯಾಹ್ನದ ಗಂಟೆಯವರೆಗೂ ಅತ್ತವಳು ನಾನೊಬ್ಬಳೇ.